ಉದ್ದ ತಂತಿಯ ಏರಿಯಲ್ಲೂ ಮನೆಯ ಗದ್ದಲವೂ

ತಂತಿ ಉದ್ದವಾದಷ್ಟೂ ದೂರದ ಧ್ವನಿ ಚೆನ್ನಾಗಿ ಕೇಳುವುದೆಂಬ ನಂಬಿಕೆ ಹವ್ಯಾಸಿ ರೇಡಿಯೋ ಆಲಿಸುವವರಲ್ಲಿ ಉಂಟು. ಮಹಡಿಯಿಂದ ತೆಂಗಿನ ಮರಕ್ಕೆ 20 ಮೀಟರು ತಂತಿ ಕಟ್ಟಿ ಸೆಟ್ಟಿಗೆ ಸೇರಿಸಿದರೆ, 40 ಮೀಟರಿನ ಪಟ್ಟಿಯಲ್ಲಿ ಮಾತಿಗೆ ಮೊದಲು ಕೇಳಿಸುವುದು ಗೊರಗೊರ ಸದ್ದು. ತಂತಿಯನ್ನು ಇನ್ನಷ್ಟು ಬೆಳೆಸಿದರೆ ಅದೂ ಬೆಳೆಯುತ್ತದೆ. ಧ್ವನಿಯು ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದೇ ಇಲ್ಲಿ ಮುಖ್ಯ.

1921ರ ಡಿಸೆಂಬರಿನಲ್ಲಿ ಅಮೆರಿಕದ ಪಾಲ್ ಗಾಡ್ಲೆಯವರು ಸ್ಕಾಟ್‌ಲೆಂಡಿನ ಆರ್ಡ್ರೋಸನ್‌ನಲ್ಲಿ ಡೇರೆ ಹಾಕಿ, ನೆಲಕ್ಕೆ ಸಮೀಪವಾಗಿ ಎಳೆದ ಬೆವರೇಜ್ ತಂತಿಯಿಂದ ಅಟ್ಲಾಂಟಿಕ್ಕಿನಾಚೆಯ ಹವ್ಯಾಸಿಗಳನ್ನು ಆಲಿಸಿದರು. ಅಂಥ ತಂತಿ ಹಿಡಿಯುವ ಬಲ ಅಲ್ಪ. ಬಹುಮಟ್ಟಿಗೆ ಒಂದೇ ದಿಕ್ಕಿಗೆ ಕಿವಿಗೊಡುವುದರಿಂದ ಗದ್ದಲ ಇನ್ನೂ ಅಲ್ಪ. ನಮ್ಮ ಹಿತ್ತಿಲುಗಳಲ್ಲಿ ಅಷ್ಟು ಉದ್ದ ತಂತಿಗೆ ಜಾಗವೆಲ್ಲಿ!

ಮೊದಲು ಗದ್ದಲದ ಮೂಲ ತಿಳಿಯಬೇಕು. ಸೆಟ್ಟನ್ನು ಬ್ಯಾಟರಿಯಲ್ಲಿ ನಡೆಸಿ, ಮನೆಯ ಮೇನ್ ಸ್ವಿಚ್ ಆರಿಸಿ. ಸದ್ದು ಇಳಿದರೆ ತಪ್ಪಿತಸ್ಥ ಮನೆಯೊಳಗೇ ಇದ್ದಾನೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಫ್ಯಾನಿನ ರೆಗ್ಯುಲೇಟರ್, ಇನ್ವರ್ಟರ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಅಗ್ಗದ ಚಾರ್ಜರುಗಳ ಮೇಲೆ ನನಗೆ ಮೊದಲ ಅನುಮಾನ.

ಈ ಗದ್ದಲ ಗಾಳಿಯಲ್ಲೇ ಬರಬೇಕೆಂದಿಲ್ಲ. ಮನೆಯ ವಿದ್ಯುತ್ ತಂತಿಗಳಿಂದ ಸೆಟ್ಟಿನ ಅರ್ತಿಗೆ ಇಳಿದು, ಕೇಬಲ್ಲಿನ ಹೊರಕವಚದ ಮೇಲೆ ಹರಿದು ಏರಿಯಲ್ಲಿನ ಬುಡ ಸೇರಿ, ಅಲ್ಲಿಂದ ಧ್ವನಿಯ ವೇಷ ತೊಟ್ಟು ಸೆಟ್ಟಿಗೆ ಮರಳುತ್ತದೆ. ಈ ದಾರಿಯನ್ನು ಕಡಿಯಬೇಕು.

43ನೇ ನಮೂನೆಯ ಫೆರೈಟ್ ಉಂಗುರಕ್ಕೆ 9 ಸುತ್ತಿನದೊಂದು, 3 ಸುತ್ತಿನದೊಂದು ಸುರುಳಿ ಸುತ್ತಿ. ಎರಡೂ ಒಂದಕ್ಕೊಂದು ತಾಗಕೂಡದು. ದೊಡ್ಡದರ ಒಂದು ತುದಿ ಏರಿಯಲ್ಲಿಗೆ, ಇನ್ನೊಂದು ಮನೆಯಿಂದ ದೂರ ನೆಲದಲ್ಲಿ ಹೂತ ತಾಮ್ರದ ಸರಳಿಗೆ. ಚಿಕ್ಕದರ ಎರಡು ತುದಿಗಳೂ ಕೋಆಕ್ಸಿಯಲ್ ಕೇಬಲ್ಲಿಗೆ. ಸುತ್ತುಗಳು 3ಕ್ಕೆ 1 ಇದ್ದರೆ ತಡೆ 9ಕ್ಕೆ 1 ಆಗುತ್ತದೆ. 450 ಓಮಿನ ಆಸುಪಾಸಿನ ತಂತಿ 50 ಓಮಿನ ಕೇಬಲ್ಲಿಗೆ ಹೊಂದುತ್ತದೆ. ಎಲ್ಲ ಆವರ್ತಗಳಲ್ಲೂ ಕರಾರುವಾಕ್ಕಾಗಿ ಹೊಂದದು, ಆಲಿಸುವುದಕ್ಕೆ ಸಾಕು. ಕೇಬಲ್ಲನ್ನು ನೆಲದ ಮೇಲೆಯೇ ತಂದು, ಸೆಟ್ಟಿನ ಬಳಿ ಅದನ್ನೂ ಒಂದು ಫೆರೈಟ್ ಉಂಗುರದೊಳಗೆ ಏಳೆಂಟು ಸುತ್ತು ಹಾಯಿಸಿದರೆ ಉಳಿದ ಗದ್ದಲವೂ ತಗ್ಗುತ್ತದೆ.

ಗದ್ದಲ ಕಳೆಯುವ ಉತ್ಸಾಹದಲ್ಲಿ ಮನೆಯ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಕೀಳಕೂಡದು. ಅದು ಪ್ರಾಣರಕ್ಷಣೆಗೆ ಇರುವುದು. ವಿದ್ಯುತ್ ಲೈನಿನ ಹತ್ತಿರ ಏರಿಯಲ್ ಎಳೆಯಬೇಡಿ. ಗುಡುಗಿನ ಸೂಚನೆ ಕಾಣುವ ಮೊದಲೇ, ಮುಂಗಾರಿನ ಸಂಜೆಗಳಲ್ಲಂತೂ ತಪ್ಪದೆ, ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗಿಡಿ.