ನಿಮಗಿದು ಗೊತ್ತೆ? ಎಂಜಿನ್ ಬಲವೊಂದೇ ಸಾಲದು
ದೋಣಿ, ಕ್ಯಾಂಪರ್‌ (ವಾಸದ ಟ್ರೇಲರ್‌)ಗಳನ್ನು ಪಿಕಪ್‌ಗೆ ಕಟ್ಟಿ ಎಳೆಯುವುದು ಅಮೆರಿಕದಲ್ಲಿ ಮಾಮೂಲು. ಮೈಸೂರಿನ ಶ್ರೀರಾಂಪುರದ ಕಡೆ ಟ್ರ್ಯಾಕ್ಟರ್‌ಗೆ ಟ್ರೇಲರ್ ಕಟ್ಟಿ ಎಳೆಯುವುದೂ ಹಾಗೆಯೇ. ಎಂಜಿನ್‌ಗೆ ಕಸುವಿದ್ದರೆ ಸಾಕೆಂಬುದು ಅರ್ಧ ಸತ್ಯ. ಭಾರ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ. ಪಿಕಪ್ ಎಳೆಯುವ ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ರೂಢಿಯ ಸೂತ್ರ. ಅಂದರೆ 2,000 ಕೆ.ಜಿ.ಗೆ 200ರಿಂದ 300 ಕೆ.ಜಿ. ಹಿಂಭಾಗ ಭಾರವಾದರೆ ಟ್ರೇಲರ್ ವೇಗದಲ್ಲಿ ಅತ್ತಿತ್ತ ಹೊಯ್ದಾಡಿ ಎಳೆಯುವ ವಾಹನವನ್ನೂ ದಾರಿ ತಪ್ಪಿಸುತ್ತದೆ. ಹಾಗಾದರೆ ಸರಕನ್ನೆಲ್ಲ ಮುಂದಕ್ಕೆ ತಳ್ಳಿದರಾಯಿತೇ? ಆಗ ಪಿಕಪ್‌ನ ಹಿಂಬದಿ ಕುಸಿದು, ಮುಂಗಾಲಿಗಳ ಹಿಡಿತ ಸಡಿಲಗೊಂಡು ಸ್ಟೀರಿಂಗ್ ಮಾತು ಕೇಳುವುದಿಲ್ಲ. ಮಿತಿಮೀರಿ ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತುವಾಗ ಮುಂಗಾಲಿಗಳು ನೆಲ ಬಿಟ್ಟೇಳುವುದನ್ನು ಹಳ್ಳಿಗರು ಬಲ್ಲರು.

‘ನಿಧಾನ ಹೋದರೆ ತೊಂದರೆಯಿಲ್ಲ’ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ: ವೇಗ ಗಂಟೆಗೆ 40ರಿಂದ 80 ಕಿ.ಮೀ.ಗೆ ಏರಿದರೆ ಬ್ರೇಕ್ ಅರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದರೆ ಉದ್ದನೆಯ ಇಳಿಜಾರಿನಲ್ಲಿ ನಿಧಾನವಾಗಿ ಇಳಿದರೂ ಬ್ರೇಕ್ ಒತ್ತಿಯೇ ಹಿಡಿದರೆ ಅದು ಕಾದು ದುರ್ಬಲವಾಗುತ್ತದೆ. ಅಲ್ಲಿ ಕೆಳಗಿನ ಗೇರ್ ಬೇಕು, ಭಾರದ ಟ್ರೇಲರ್‌ಗೆ ಸ್ವಂತ ಬ್ರೇಕೂ ಬೇಕು. ತೂಕದ ಲೆಕ್ಕದಲ್ಲಿ ಒಳಗೆ ತುಂಬಿದ್ದೂ ಸೇರುತ್ತದೆ: ಕ್ಯಾಂಪರ್‌ನಲ್ಲಿ 100 ಲೀಟರ್ ನೀರು ತುಂಬಿದರೆ 100 ಕೆ.ಜಿ. ಹೆಚ್ಚಿದಂತೆ. ಆದ್ದರಿಂದ ಕಂಪನಿ ಹೇಳಿದ ಎಳೆಯುವ ಮಿತಿಯನ್ನು ಖಾಲಿ ಟ್ರೇಲರ್‌ಗಲ್ಲ, ಸರಕು ತುಂಬಿದ ಟ್ರೇಲರ್‌ಗೆ ಹೋಲಿಸಿ ನೋಡಬೇಕು.