ಆಪ್‌ನೊಳಗೆ ಉಳಿದುಬಿಡುವ ಬೀಗದ ಕೈ

ಮಡಿಕೇರಿಯ ಕಾಫಿಪುಡಿ ವ್ಯಾಪಾರಿಯಾಗಲಿ, ಕುಶಾಲನಗರದ ಹೋಂಸ್ಟೇ ಮಾಲೀಕರಾಗಲಿ, ಸ್ವಂತ ಮೊಬೈಲ್ ಆಪ್ ಮಾಡಿಸುವಾಗ ಅದರ ಅಂದ ಮತ್ತು ವೆಚ್ಚದ ಬಗ್ಗೆ ಸಾಕಷ್ಟು ವಿಚಾರಿಸುತ್ತಾರೆ. ಅದರೊಳಗೆ ಯಾವ ಕೀಗಳನ್ನು ಇರಿಸಲಾಗಿದೆ ಎಂಬ ಪ್ರಶ್ನೆ ಮಾತ್ರ ಅಪರೂಪ.

ಹಣ ಪಾವತಿ, ಎಸ್‌ಎಂಎಸ್, ನಕ್ಷೆ ಮುಂತಾದ ಸೇವೆಗಳನ್ನು ಆಪ್ ಹೊರಗಿನ ಸಂಸ್ಥೆಗಳಿಂದ ಪಡೆಯುತ್ತದೆ. ಆ ಸಂಸ್ಥೆಗಳು ತಮ್ಮ ಖಾತೆದಾರರನ್ನು ಗುರುತಿಸುವುದು ಎಪಿಐ ಕೀ ಎಂಬ ಅಕ್ಷರ-ಅಂಕಿಗಳ ಸಾಲಿನಿಂದ. ಕೆಲಸ ಮುಗಿಸುವ ಆತುರದಲ್ಲಿ ತಯಾರಕರು ಅದನ್ನು ಆಪ್‌ನೊಳಗೇ ಬರೆದುಬಿಡುವುದುಂಟು. ಗ್ರಾಹಕರ ಫೋನಿಗೆ ಇಳಿದ ಆಪ್ ಪರರ ವಶದಲ್ಲಿರುವ ಕಡತ. ಉಚಿತವಾಗಿ ದೊರೆಯುವ ಸಾಧನಗಳಿಂದಲೇ ಅದನ್ನು ಬಿಚ್ಚಿ ಓದಬಹುದು. ಬರಹವನ್ನು ಗೋಜಲುಗೊಳಿಸಿ ಮರೆಮಾಡಿದರೆ ಓದುವವನಿಗೆ ತಡವಾಗುತ್ತದೆಯೇ ಹೊರತು ತಡೆಯಾಗದು. 2022ರಲ್ಲಿ ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯು ಟ್ವಿಟರ್ ಕೀಗಳನ್ನು ಹೀಗೆ ಬಯಲುಮಾಡಿದ್ದ 3,207 ಆಪ್‌ಗಳನ್ನು ಪತ್ತೆಹಚ್ಚಿತ್ತು.

ಹೆಚ್ಚಿನ ಅಪಾಯವಿರುವುದು ಪಾವತಿ ಸೇವೆಯಲ್ಲಿ. ರೇಜರ್‌ಪೇ ತನ್ನ ವ್ಯಾಪಾರಿಗಳಿಗೆ ಕೀ ಐಡಿ ಮತ್ತು ಕೀ ಸೀಕ್ರೆಟ್ ಎಂಬ ಎರಡನ್ನು ನೀಡುತ್ತದೆ. ಮೊದಲನೆಯದು ಆಪ್‌ನಲ್ಲಿರಬಹುದು, ಎರಡನೆಯದು ಸರ್ವರಿನಲ್ಲಿ ಮಾತ್ರ ಇರತಕ್ಕದ್ದು. ಎರಡೂ ಕೈಸೇರಿದವನು ವ್ಯಾಪಾರಿಯ ಹೆಸರಿನಲ್ಲಿ ಹಣ ಮರುಪಾವತಿಗೆ ಆದೇಶಿಸಬಲ್ಲ. ಮರುಪಾವತಿಯು ಹಣ ಕೊಟ್ಟವರಿಗೇ ಹಿಂದಿರುಗುವುದರಿಂದ ನಷ್ಟವಿಲ್ಲವೆಂದು ಭಾವಿಸುವಂತಿಲ್ಲ. ಹತ್ತು ಕಿಲೋ ಮೆಣಸು ತರಿಸಿಕೊಂಡ ಬಳಿಕ ತನ್ನ ಹಣವನ್ನು ತಾನೇ ವಾಪಸು ಪಡೆಯುವ ಗ್ರಾಹಕನಿದ್ದರೆ ಸರಕೂ ಹೋಯಿತು, ಹಣವೂ ಹೋಯಿತು. ತಿಂಗಳಿಗೊಮ್ಮೆ ಮಾತ್ರ ಲೆಕ್ಕ ತಾಳೆ ನೋಡುವ ಅಂಗಡಿಯಲ್ಲಿ ಇದು ತಿಳಿಯುವುದೂ ತಿಂಗಳ ಕೊನೆಗೇ. ಮರುಪಾವತಿಗಳ ಪಟ್ಟಿಯನ್ನಾದರೂ ದಿನವೂ ನೋಡುವುದು ಲೇಸು.

ನಕ್ಷೆಯ ಕೀಯನ್ನು ಆಪ್‌ನಿಂದ ಹೊರಗಿಡುವುದು ಕಷ್ಟ. ಗೂಗಲ್‌ನ ಖಾತೆಯಲ್ಲಿ ಅದನ್ನು ನಿರ್ದಿಷ್ಟ ಆಪ್‌ಗೆ ಸೀಮಿತಗೊಳಿಸುವ ಅವಕಾಶವಿದೆ. ಎಸ್‌ಎಂಎಸ್ ಕೀ ಸರ್ವರಿನಲ್ಲೇ ಇರಬೇಕು. ಅಲ್ಲಿದ್ದರೆ ಸೋರಿಕೆಯ ಶಂಕೆ ಬಂದಾಗ ಕ್ಷಣಮಾತ್ರದಲ್ಲಿ ಬದಲಿಸಬಹುದು; ಆಪ್‌ನೊಳಗಿದ್ದರೆ ಗ್ರಾಹಕರೆಲ್ಲರೂ ಹೊಸ ಆವೃತ್ತಿ ಹಾಕಿಕೊಳ್ಳುವವರೆಗೆ ಕಾಯಬೇಕಾಗುತ್ತದೆ.

ಗ್ರಾಹಕರ ವಿವರಗಳು ಸೋರಿದಲ್ಲಿ ಪ್ರಶ್ನೆ ಕಾನೂನಿನದ್ದೂ ಆಗುತ್ತದೆ. ಸಮಂಜಸ ರಕ್ಷಣಾ ಕ್ರಮ ಕೈಗೊಳ್ಳದವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 250 ಕೋಟಿ ರೂ.ವರೆಗೆ ದಂಡವನ್ನು ಗೊತ್ತುಪಡಿಸಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಸಿದ್ಧತೆಗೆ 18 ತಿಂಗಳ ಕಾಲಾವಕಾಶ ನೀಡಿದವು. ದತ್ತಾಂಶವನ್ನು ನಿರ್ವಹಿಸಲು ಹೊರಗಿನವರನ್ನು ನೇಮಿಸಿದ್ದರೂ ಹೊಣೆ ಉದ್ಯಮಿಯದೇ.

ಪಾವತಿ ಮತ್ತು ಎಸ್‌ಎಂಎಸ್ ಖಾತೆಗಳು ತಯಾರಕರ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲೇ ಇರತಕ್ಕದ್ದು. ಆಪ್‌ನಲ್ಲಿ ರಹಸ್ಯ ಕೀ ಇಲ್ಲವೆಂಬ ಲಿಖಿತ ದೃಢೀಕರಣ ಪಡೆದು, ತಯಾರಿಕೆಯ ವೇಳೆ ಬಳಸಿದ ಹಳೆಯ ಕೀಗಳನ್ನೆಲ್ಲ ರದ್ದುಪಡಿಸಿದ ಮೇಲೆಯೇ ಕೊನೆಯ ಕಂತಿನ ಬಿಲ್ಲನ್ನು ಮಂಜೂರು ಮಾಡಬಹುದು.