ಸರ್ವಧರ್ಮ ಸೇವಕರನ್ನು ಸಿದ್ಧಗೊಳಿಸುವ ಗುರುಗಳು

ವೈದ್ಯರನ್ನು ಸಿದ್ಧಗೊಳಿಸಲು ವೈದ್ಯಕೀಯ ಕಾಲೇಜುಗಳಿವೆ. ದಾದಿಯರಿಗೆ ನರ್ಸಿಂಗ್ ಶಾಲೆಗಳಿವೆ. ಬ್ಯಾಂಕಿನ ಗುಮಾಸ್ತನಿಗೆ ಅಧಿಕಾರಿಯಾಗಿ ಬಡ್ತಿ ದೊರೆತರೆ ಅವನನ್ನೂ ಕೆಲವು ವಾರಗಳ ಮಟ್ಟಿಗೆ ತರಬೇತಿ ಕೇಂದ್ರಕ್ಕೆ ಕಳುಹಿಸುತ್ತಾರೆ. ಪುರೋಹಿತನಿಗೆ ವೇದಪಾಠಶಾಲೆ, ಮೌಲ್ವಿಗೆ ಮದರಸಾ, ಪಾದ್ರಿಗೆ ಸೆಮಿನರಿ ಉಂಟು. ಆದರೆ ಈ ಮಹಾನಗರದ ಯಾವುದೇ ದೊಡ್ಡ ಆಸ್ಪತ್ರೆಯ ವಾರ್ಡನ್ನು ಹೊಕ್ಕು ನೋಡಿರಿ. ಸಾಲಾಗಿ ಹಾಸಿದ ಮಂಚಗಳ ಮೇಲೆ ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು, ಬಂಗಾಳದಿಂದ ಬಂದವರು. ಒಬ್ಬರ ದಿಂಬಿನಡಿಯಲ್ಲಿ ವಿಭೂತಿಯ ಪೊಟ್ಟಣ, ಇನ್ನೊಬ್ಬರ ಕೈಯಲ್ಲಿ ಜಪಮಣಿ, ಮತ್ತೊಬ್ಬರ ಕೊರಳಲ್ಲಿ ಶಿಲುಬೆ. ಇವರೆಲ್ಲರ ಮನಸ್ಸಿನ ಭಾರವನ್ನು ಕೇಳಬಲ್ಲ ವ್ಯಕ್ತಿ ಯಾವ ಪಾಠಶಾಲೆಯಲ್ಲಿ ಓದಿ ಬರಬೇಕು? ಅವನಿಗೆ ಕಲಿಸುವ ಗುರುವಾದರೂ ಯಾರು?

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಕುರಿತು ಬಲ್ಲ ವೈದ್ಯರು ಬರೆಯುವುದು ವಾಡಿಕೆ. ವಾಣಿಜ್ಯಶಾಸ್ತ್ರದ ಪದವೀಧರನಾದ ನನಗೆ ಆ ಅಧಿಕಾರವಿಲ್ಲ. ಆದರೆ ದೇಹದ ರೋಗಕ್ಕೆ ಔಷಧಿ ನಡೆಯುತ್ತಿರುವಾಗ ಮನಸ್ಸಿನ ಸಂಕಟಕ್ಕೆ ಕಿವಿಗೊಡುವವರ ವಿಷಯವೂ ಆರೋಗ್ಯದ ವಿಷಯವೇ ಎಂದು ನಂಬಿ ಈ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ನೀಡಿದ ಉಪಶಾಮಕ ಚಿಕಿತ್ಸೆಯ ವ್ಯಾಖ್ಯೆಯಲ್ಲಿಯೂ ದೈಹಿಕ ನೋವಿನೊಂದಿಗೆ ಆಧ್ಯಾತ್ಮಿಕ ಸಮಸ್ಯೆಗಳ ಪರಿಹಾರವನ್ನು ಸೇರಿಸಲಾಗಿದೆ.

ಮದರಾಸಿನ ಒಬ್ಬ ಅಧ್ಯಾಪಕ

ಸಂತೋಷದ ಸಂಗತಿಯೆಂದರೆ, ಈ ವಿದ್ಯೆಯ ಒಂದು ಪ್ರಮುಖ ಎಳೆ ನಾವು ಬದುಕುತ್ತಿರುವ ಈ ಊರಿನಲ್ಲಿಯೇ ದೊರೆಯುತ್ತದೆ. ಎಡಿನ್‌ಬರೋದಲ್ಲಿ ಓದಿ 1903ರಲ್ಲಿ ಮದರಾಸಿಗೆ ಬಂದ ಆಲ್ಫ್ರೆಡ್ ಜಾರ್ಜ್ ಹಾಗ್ ಎಂಬವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು. ಕ್ರೈಸ್ತ ಮಿಷನರಿಯಾಗಿದ್ದರೂ ಅವರು ಕರ್ಮಸಿದ್ಧಾಂತವನ್ನು ಹಳಿಯಲಿಕ್ಕಾಗಿ ಓದಲಿಲ್ಲ, ಅರಿಯಲಿಕ್ಕಾಗಿ ಓದಿದರು. ಅವರ ತರಗತಿಯಲ್ಲಿ ಕುಳಿತವರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಒಬ್ಬರು. ಆ ಕಾಲೇಜಿನಲ್ಲಿ ಹಿಂದೂ ಧರ್ಮವನ್ನು ಕುರಿತು ಕೇಳಿಬರುತ್ತಿದ್ದ ಟೀಕೆಗಳೇ ತಮ್ಮನ್ನು ವೇದಾಂತದ ಗಂಭೀರ ಅಧ್ಯಯನಕ್ಕೆ ಹಚ್ಚಿದುವೆಂದು ರಾಧಾಕೃಷ್ಣನ್ನರು ಮುಂದೆ ಹೇಳಿಕೊಂಡರು. ವೇದಾಂತದ ನೀತಿಯನ್ನು ಕುರಿತು 1908ರಲ್ಲಿ ಅವರು ಬರೆದ ಎಂ.ಎ. ಪ್ರಬಂಧವನ್ನು ಮೆಚ್ಚಿಕೊಂಡವರು ಅದೇ ಹಾಗ್ ಸಾಹೇಬರು! ತನ್ನ ಮತಕ್ಕೆ ಉತ್ತರ ಕೊಡುವ ಶಿಷ್ಯನನ್ನು ಗುರುವೇ ಪ್ರಶಂಸಿಸುವುದು ಸಾಮಾನ್ಯವಲ್ಲ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, ವಿದ್ಯಾರ್ಥಿಗಳು ತಾವೇ ಎಳೆದ ಹೂವಿನ ಸಾರೋಟಿನಲ್ಲಿ ಬೀಳ್ಕೊಡುಗೆ ಪಡೆದ ರಾಧಾಕೃಷ್ಣನ್ನರ ಕಥೆ ಕನ್ನಡಿಗರೆಲ್ಲರಿಗೂ ಗೊತ್ತು. ಅವರ ಹಿಂದೆ ಇಂಥ ಒಬ್ಬ ಗುರುವಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ.

ಕಾಲೇಜು 1937ರಲ್ಲಿ ತಾಂಬರಂಗೆ ಸ್ಥಳಾಂತರಗೊಂಡಿತು. 1938ರ ಡಿಸೆಂಬರಿನಲ್ಲಿ ಅಲ್ಲಿ ಅಂತರರಾಷ್ಟ್ರೀಯ ಮಿಷನರಿ ಮಂಡಳಿಯ ಮಹಾಸಮ್ಮೇಳನ ನೆರೆಯಿತು. ಹಾಲೆಂಡಿನ ವಿದ್ವಾಂಸ ಹೆಂಡ್ರಿಕ್ ಕ್ರೇಮರ್, ಕ್ರೈಸ್ತ ಸಂದೇಶಕ್ಕೂ ಇತರ ಧರ್ಮಗಳಿಗೂ ನಡುವೆ ಆಳವಾದ ಕಂದಕವಿದೆಯೆಂದು ವಾದಿಸಿದರು. ಹಾಗ್ ಅವರು ಇದನ್ನು ಒಪ್ಪಲಿಲ್ಲ. ಅನ್ಯಧರ್ಮೀಯರಲ್ಲಿ ಕೇವಲ ಮತಾಚಾರಗಳಿಲ್ಲ, ಜೀವಂತವಾದ ಶ್ರದ್ಧೆಯೇ ಇದೆ, ಅದನ್ನು ಗೌರವದಿಂದ ಎದುರುಗೊಳ್ಳಬೇಕು ಎಂಬುದು ಅವರ ನಿಲುವು. ಈ ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. ಐವತ್ತು ವರ್ಷಗಳ ತರುವಾಯ, 1988ರ ಜನವರಿಯಲ್ಲಿ, ಅದೇ ತಾಂಬರಂನಲ್ಲಿ ಮತ್ತೆ ವಿದ್ವಾಂಸರು ಸೇರಿ ಅದನ್ನೇ ಮುಂದುವರಿಸಿದರು.

ಕಾರ್ಕಳದ ಸಮರ್ಥರು

ಇದೇ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟವರು ನಮ್ಮ ಕನ್ನಡನಾಡಿನವರೇ ಆದ ಸ್ಟ್ಯಾನ್ಲಿ ಜೆಡಿಡಯಾ ಸಮರ್ಥ. 1920ರಲ್ಲಿ ಕಾರ್ಕಳದಲ್ಲಿ, ಬಾಸೆಲ್ ಮಿಷನ್ನಿನ ಸಭಾಪಾಲಕರ ಮನೆಯಲ್ಲಿ ಅವರ ಜನನ. ಅಂದು ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತೆಂಬುದನ್ನು ನೆನೆದರೆ ಅವರು ನಮಗೆ ಇನ್ನಷ್ಟು ಹತ್ತಿರದವರಾಗುತ್ತಾರೆ. ಬೆಟ್ಟದ ಮೇಲೆ 1432ರಲ್ಲಿ ನಿಂತ ಗೊಮ್ಮಟ, ಕೆಳಗೆ ಚತುರ್ಮುಖ ಬಸದಿ, ವೆಂಕಟರಮಣನ ಗುಡಿ, ಸಮೀಪದ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ; ಇಂಥ ಊರಿನಲ್ಲಿ ಬೆಳೆದ ಬಾಲಕನಿಗೆ ನೆರೆಯವನ ಧರ್ಮ ಪುಸ್ತಕದ ವಿಷಯವಾಗಿರಲಿಲ್ಲ, ದಿನನಿತ್ಯದ ಸಂಗತಿಯಾಗಿತ್ತು.

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಪಿ. ಡಿ. ದೇವನಂದನ್. ಮದರಾಸಿನಲ್ಲಿಯೇ ಹುಟ್ಟಿದ ದೇವನಂದನ್ನರು ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾಯಾವಾದವನ್ನು ಕುರಿತು ಸಂಶೋಧನೆ ನಡೆಸಿದವರು. 1957ರಲ್ಲಿ ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಸ್ಥಾಪಿತವಾದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾಗಿ, 1962ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. ಹಿಂದೂಗಳನ್ನು ಕುರಿತು ಮಾತನಾಡುವುದಕ್ಕಿಂತ ಹಿಂದೂಗಳೊಡನೆ ಮಾತನಾಡುವುದೇ ಮುಖ್ಯವೆಂಬ ಪಾಠವನ್ನು ಅವರು ತಮ್ಮ ನಡೆಯಿಂದಲೇ ಶಿಷ್ಯರಿಗೆ ಕಲಿಸಿದರು.

ಸಮರ್ಥರು 1952ರಲ್ಲಿ ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಷನ್ ಸೆಮಿನರಿಗೆ ಮೊದಲ ಭಾರತೀಯ ಪ್ರಾಂಶುಪಾಲರಾದರು. ಕನ್ನಡ ಸಭಾಪಾಲಕರನ್ನು ತಯಾರುಮಾಡುತ್ತಿದ್ದ ಆ ಸೆಮಿನರಿಯ ಪರಂಪರೆಯೂ ಸಾಮಾನ್ಯವಾದುದಲ್ಲ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಕಲಿತದ್ದು ಅಲ್ಲಿಯೇ. ಪಾದ್ರಿಯೊಬ್ಬರು ಅನುಭವ ಮಂಟಪದ ಇತಿಹಾಸವನ್ನು ಕುರಿತು ಗ್ರಂಥ ಬರೆಯುವುದು ನಮ್ಮ ನಾಡಿಗೆ ವಿಚಿತ್ರವೆನಿಸಲಿಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿದಾಗ 1368ರಲ್ಲಿ ಬುಕ್ಕರಾಯನು ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿರಿಸಿದನೆಂದು ಸಾರುವ ಶ್ರವಣಬೆಳಗೊಳದ ಶಾಸನವುಳ್ಳ ನಾಡಲ್ಲವೆ ಇದು?

1968ರಲ್ಲಿ ಸಮರ್ಥರು ಜಿನೀವಾದ ವಿಶ್ವ ಚರ್ಚುಗಳ ಮಂಡಳಿಗೆ ತೆರಳಿದರು. 1970ರಲ್ಲಿ ಲೆಬನಾನಿನ ಅಜಲ್ತೂನ್ ಎಂಬಲ್ಲಿ ಹಿಂದೂ, ಬೌದ್ಧ, ಮುಸ್ಲಿಂ ಮತ್ತು ಕ್ರೈಸ್ತರನ್ನು ಒಂದೆಡೆ ಕೂಡಿಸಿದರು. ಮರುವರ್ಷ ಅಂತರಧರ್ಮೀಯ ಸಂವಾದಕ್ಕಾಗಿ ಸ್ಥಾಪಿತವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ಹಾದಿ ಸುಗಮವಾಗಿರಲಿಲ್ಲ. 1975ರ ನೈರೋಬಿ ಮಹಾಸಭೆಯಲ್ಲಿ, ಈ ಸಂವಾದದಿಂದ ಎಲ್ಲ ಧರ್ಮಗಳೂ ಕಲಬೆರಕೆಯಾಗಿಬಿಡುವುವೆಂದು ಅವರ ಸ್ವಧರ್ಮೀಯರೇ ತೀವ್ರ ಆಕ್ಷೇಪವೆತ್ತಿದರು. ಅವರು ಎದೆಗುಂದಲಿಲ್ಲ. 1977ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ವಿರೋಧಿಗಳನ್ನೂ ಕೂಡಿಸಿಕೊಂಡು ಚರ್ಚಿಸಿದರು. ಅದರ ಫಲವಾಗಿ 1979ರಲ್ಲಿ ಸಂವಾದದ ಮಾರ್ಗದರ್ಶಿ ಸೂತ್ರಗಳು ಅಂಗೀಕೃತವಾದುವು. ಸಂವಾದವು ಸಿದ್ಧಾಂತಗಳ ನಡುವೆಯಲ್ಲ, ಮನುಷ್ಯರ ನಡುವೆ ಆರಂಭವಾಗಬೇಕು. ತನ್ನ ಧರ್ಮವೇನೆಂಬುದನ್ನು ಹೇಳುವ ಹಕ್ಕು ಅದನ್ನು ಆಚರಿಸುವವನಿಗೇ ಇರಬೇಕು. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ನುಡಿಯಬಾರದು ಎಂಬುದು ಅವುಗಳ ಸಾರಾಂಶ. ಮುಂದೆ ಬೆಂಗಳೂರಿಗೆ ಮರಳಿದ ಸಮರ್ಥರು 2001ರಲ್ಲಿ ಅಲ್ಲಿಯೇ ನಿಧನರಾದರು.

ಸರ್ವಧರ್ಮಕ್ಕೂ ಒಂದೇ ದೀಕ್ಷೆ?

ಅಮೆರಿಕೆಯಲ್ಲಿ ಇದೇ ಕಾಲದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಹಂಗೆರಿಯಲ್ಲಿ ಹುಟ್ಟಿದ ಯಹೂದಿ ಧರ್ಮಗುರು ಜೋಸೆಫ್ ಗೆಲ್ಬರ್ಮನ್, ಹಿಟ್ಲರನ ಕಾಲದ ನರಮೇಧದಲ್ಲಿ ಹೆಂಡತಿ ಮಗಳನ್ನು ಕಳೆದುಕೊಂಡವರು. ದ್ವೇಷಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಅವರು 1979ರಲ್ಲಿ ನ್ಯೂಯಾರ್ಕಿನಲ್ಲಿ ನ್ಯೂ ಸೆಮಿನರಿ ಎಂಬ ಶಾಲೆಯನ್ನು ಆರಂಭಿಸಿದರು. ಅವರೊಡನೆ ಕೈಜೋಡಿಸಿದವರಲ್ಲಿ ಕೊಯಮತ್ತೂರು ಸೀಮೆಯಲ್ಲಿ ಹುಟ್ಟಿದ ಸ್ವಾಮಿ ಸಚ್ಚಿದಾನಂದರೂ ಇದ್ದರು. ವಿವಿಧ ಧರ್ಮಗಳನ್ನು ಒಂದಾದ ಮೇಲೊಂದರಂತೆ ಅಭ್ಯಸಿಸಿದವರಿಗೆ ಅಲ್ಲಿ ಸರ್ವಧರ್ಮ ಸೇವಕರೆಂದು ದೀಕ್ಷೆ ಕೊಡುತ್ತಾರೆ. ತನ್ನ ಧರ್ಮವನ್ನು ಬಿಟ್ಟು ಇನ್ನೊಂದನ್ನಲ್ಲ, ತನ್ನದರ ಜೊತೆಗೆ ಇನ್ನೊಂದನ್ನು ಎಂಬುದು ಗೆಲ್ಬರ್ಮನ್ನರ ಧ್ಯೇಯವಾಗಿತ್ತು.

ಅಲ್ಲಿ ಬೇರೆ ಬೇರೆ ಧರ್ಮದ ಗಂಡುಹೆಣ್ಣುಗಳ ವಿವಾಹ ನಡೆಸಲು, ಯಾವ ದೇವಾಲಯಕ್ಕೂ ಸೇರದವರ ಅಂತ್ಯಸಂಸ್ಕಾರಕ್ಕೆ ಇಂಥವರ ಅಗತ್ಯ ಬಿದ್ದಿದೆ. ಆದರೆ ನನ್ನ ಅಲ್ಪಮತಿಗೆ ತೋರುವುದು ಇಷ್ಟು: ಹತ್ತು ಧರ್ಮಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದರಲ್ಲಿ ಬೇರೂರಿ ಮಿಕ್ಕವುಗಳ ಮುಂದೆ ವಿನಯದಿಂದ ನಿಲ್ಲುವುದು ಕಷ್ಟತರವಾದ ವಿದ್ಯೆ. ಹಾಗ್, ದೇವನಂದನ್, ಸಮರ್ಥ, ಗೆಲ್ಬರ್ಮನ್ ಈ ನಾಲ್ವರಲ್ಲಿ ಯಾರೂ ತಮ್ಮ ಮನೆಯನ್ನು ಕೆಡವಿ ನೆರೆಮನೆಗೆ ಹೋದವರಲ್ಲ.

ರೋಗಿಯೇ ಪಠ್ಯಪುಸ್ತಕ

ಇನ್ನು ಆಸ್ಪತ್ರೆಯ ಮಾತು. ಆಂಟನ್ ಬಾಯ್ಸನ್ ಎಂಬ ಅಮೆರಿಕೆಯ ಪಾದ್ರಿ 1920ರಲ್ಲಿ ತಾವೇ ಮಾನಸಿಕ ರೋಗಕ್ಕೆ ತುತ್ತಾಗಿ ಆಸ್ಪತ್ರೆಯಲ್ಲಿದ್ದರು. ಗುಣಹೊಂದಿದ ಮೇಲೆ, 1925ರಲ್ಲಿ, ವುಸ್ಟರ್ ನಗರದ ಮಾನಸಿಕ ಆಸ್ಪತ್ರೆಗೆ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದೊಯ್ದು ರೋಗಿಗಳ ನಡುವೆ ಕೆಲಸಕ್ಕೆ ಹಚ್ಚಿದರು. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ಜೀವಂತ ಮನುಷ್ಯನನ್ನು ಓದಬೇಕೆಂಬುದು ಅವರ ಬೋಧನೆ. ಇದೇ ಇಂದು ಹಲವು ದೇಶಗಳಲ್ಲಿ ಹಬ್ಬಿರುವ ಆಸ್ಪತ್ರೆ ಧರ್ಮಸೇವಕರ ತರಬೇತಿಯ ಮೂಲ. ಚೆನ್ನೈಯಿಂದ ಸುಮಾರು 140 ಕಿಲೋಮೀಟರು ದೂರದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಇಂಥ ಸೇವೆಗೂ ತರಬೇತಿಗೂ ಒಂದು ವಿಭಾಗವಿದೆ.

ತರಬೇತಿಯ ಕ್ರಮ ಸ್ವಾರಸ್ಯಕರವಾಗಿದೆ. ವಿದ್ಯಾರ್ಥಿಯು ರೋಗಿಯೊಡನೆ ಮಾತನಾಡಿ ಬಂದು, ಅವರೇನೆಂದರು, ತಾನೇನೆಂದೆ ಎಂಬುದನ್ನು ನೆನಪಿದ್ದಷ್ಟೂ ಅಕ್ಷರಶಃ ಬರೆಯಬೇಕು. ಅನಂತರ ಗುರು ಮತ್ತು ಸಹಪಾಠಿಗಳ ಮುಂದೆ ಅದನ್ನು ಓದಬೇಕು. "ರೋಗಿ ಮಗನ ಮಾತೆತ್ತಿದಾಗ ನೀವು ಹವಾಮಾನದ ಮಾತಿಗೆ ಹೊರಳಿದಿರಲ್ಲ, ಏಕೆ?" ಎಂಬಂಥ ಪ್ರಶ್ನೆ ಅಲ್ಲಿ ಏಳುತ್ತದೆ. ನಮ್ಮಲ್ಲಿ ಲೆಕ್ಕಪರಿಶೋಧಕರು ವೋಚರುಗಳನ್ನು ಒಂದೊಂದಾಗಿ ತಿರುವುವಂತೆ ಅಲ್ಲಿ ಮಾತುಗಳನ್ನು ತಿರುವುತ್ತಾರೆ. ಗುರುವಿನ ಕೆಲಸ ತಪ್ಪು ಹಿಡಿಯುವುದಲ್ಲ. ಶಿಷ್ಯನ ಹೆದರಿಕೆ ಎಲ್ಲಿ ಅಡಗಿದೆಯೆಂಬುದನ್ನು ಅವನಿಗೇ ಕಾಣಿಸಿಕೊಡುವುದು.

ಈ ವಿದ್ಯೆಯ ಬೆಲೆ ನನಗೆ ಮನಗಂಡದ್ದು ಕೆಲವು ವರ್ಷಗಳ ಹಿಂದೆ. ಮಂಡ್ಯದ ಕಡೆಯವರಾದ ನನ್ನ ಸೋದರಮಾವನವರು ಚಿಕಿತ್ಸೆಗೆಂದು ಬಂದು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಮಲಗಿದ್ದರು. ಬಂಧುಮಿತ್ರರು ಬಂದರು; ಎಲ್ಲರೂ ಧೈರ್ಯ ಹೇಳಿದರು, ಹಣ್ಣು ಇಟ್ಟರು, ಹೋದರು. ದಿನಕ್ಕೊಮ್ಮೆ ಒಬ್ಬ ತಮಿಳು ಪಾದ್ರಿಯವರೂ ಬರುತ್ತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ ನಾಲ್ಕಾರು ವಾಕ್ಯ, ಮಾವನವರಿಗೆ ತಮಿಳು ಅಷ್ಟಕ್ಕಷ್ಟೆ. ಅವರು ಬೈಬಲ್ಲನ್ನು ತೆರೆಯಲಿಲ್ಲ, ಉಪದೇಶ ಮಾಡಲಿಲ್ಲ. ಸ್ಟೂಲಿನ ಮೇಲೆ ಕುಳಿತು "ಹೇಳಿ ಅಯ್ಯಾ" ಎನ್ನುತ್ತಿದ್ದರು. ಒಂದು ಸಂಜೆ ನನ್ನನ್ನು ಕರೆದು, "ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ತಾವು ಉಳಿಯುವುದಿಲ್ಲವೆಂಬುದು ಅವರಿಗೆ ಗೊತ್ತಿದೆ. ಅಸ್ಥಿಯನ್ನು ಇಲ್ಲಿ ಸಮುದ್ರದಲ್ಲಿ ಬಿಡಬಾರದು, ಶ್ರೀರಂಗಪಟ್ಟಣದ ಸಂಗಮಕ್ಕೆ ಒಯ್ಯಬೇಕೆಂಬುದು ಅವರ ಆಸೆ. ನಿಮಗೆ ನೋವಾದೀತೆಂದು ಹೇಳಲಾರದೆ ಇದ್ದಾರೆ" ಎಂದರು. ಅಂದು ರಾತ್ರಿ ಮಾವನವರೂ ನಾನೂ ಮನಬಿಚ್ಚಿ ಮಾತನಾಡಿದೆವು. ಅವರ ಇಚ್ಛೆ ನೆರವೇರಿತು. ಪರಧರ್ಮದ ಆ ಮನುಷ್ಯ ಇಲ್ಲದಿದ್ದರೆ ನಮ್ಮ ಧರ್ಮದ ಆ ಕರ್ತವ್ಯ ನಮ್ಮಿಂದ ತಪ್ಪಿಹೋಗುತ್ತಿತ್ತು.

ಬ್ಯಾಂಕಿನ ಸೇಫ್ ಡಿಪಾಸಿಟ್ ಲಾಕರಿಗೆ ಎರಡು ಕೀಲಿಕೈಗಳಿರುವುದು ನಿಮಗೆ ಗೊತ್ತು. ನಮ್ಮ ಕೀಲಿಯನ್ನು ನಾವು ತಿರುಗಿಸಿದ ಮಾತ್ರಕ್ಕೆ ಬಾಗಿಲು ತೆರೆಯದು. ಗ್ರಾಹಕರ ಕೀಲಿಯೂ ತಿರುಗಬೇಕು. ತೆರೆದ ಮೇಲೆ ನಾವು ಅಲ್ಲಿ ನಿಲ್ಲುವಂತಿಲ್ಲ. ಆ ಪಾದ್ರಿಯವರು "ಮನೆಯವರಿಗೆ ಹೇಳಲೇ?" ಎಂದು ಕೇಳಿದ್ದು ಇದೇ ನಿಯಮದಂತೆ. ಇದು ಹುಟ್ಟುಗುಣವಲ್ಲ, ಯಾರೋ ಒಬ್ಬ ಗುರು ಅವರಿಗೆ ಕಲಿಸಿದ್ದು.

ನಾವು ಮಾಡಬಹುದಾದುದು

ನಾವೆಲ್ಲರೂ ಸೆಮಿನರಿಗೆ ಹೋಗಬೇಕಾಗಿಲ್ಲ. ಆದರೆ ರೋಗಿಯನ್ನು ನೋಡಲು ಹೋಗುವ ಪ್ರತಿಯೊಬ್ಬರೂ ಈ ಗುರುಗಳಿಂದ ಕೆಲವು ಪಾಠಗಳನ್ನು ಕಲಿಯಬಹುದು.

ನಿಂತುಕೊಂಡು ಮಾತನಾಡದೆ ಕುಳಿತುಕೊಳ್ಳಿರಿ. ಐದೇ ನಿಮಿಷ ಕುಳಿತರೂ ಬಿಡುವಿದೆಯೆಂದು ರೋಗಿಗೆ ಅನಿಸುತ್ತದೆ. ಇದೇ ರೋಗದಿಂದ ಮಡಿದ ಅಥವಾ ಗುಣಹೊಂದಿದ ಪರಿಚಿತರ ಕಥೆ ಬೇಡ. ಕರ್ಮಫಲ, ದೈವೇಚ್ಛೆ ಎಂಬ ವಿವರಣೆಯನ್ನು ಅವರಾಗಿ ಕೇಳದೆ ಕೊಡಬೇಡಿರಿ. ಪ್ರಾರ್ಥಿಸುವುದಿದ್ದರೆ ಅನುಮತಿ ಕೇಳಿರಿ, ಅವರ ದೇವರ ಹೆಸರಿನಲ್ಲಿ ಪ್ರಾರ್ಥಿಸಿರಿ. ಅವರು ಅತ್ತರೆ ತಡೆಯಬೇಡಿರಿ. ಮೌನವಾಗಿದ್ದರೆ ನೀವೂ ಮೌನವಾಗಿರಿ. ಕೇಳಿದ ಗುಟ್ಟನ್ನು ಕಾರಿಡಾರಿನಲ್ಲಿ ಹಂಚಬೇಡಿರಿ.

ಕೊನೆಯದಾಗಿ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ಕರ್ನಾಟಕದಿಂದ ಚಿಕಿತ್ಸೆಗಾಗಿ ಈ ನಗರಕ್ಕೆ ಬರುವವರಿಗೆ ತಮ್ಮ ನುಡಿಯಲ್ಲಿ ಕೇಳುವ ಕಿವಿಯೊಂದು ಸಿಗುವುದು ದುರ್ಲಭ. ರಾಜ್ಯೋತ್ಸವ, ದಾಸರ ಆರಾಧನೆ, ನಾಟಕಗಳನ್ನು ನಾವು ಅಚ್ಚುಕಟ್ಟಾಗಿ ನಡೆಸುತ್ತೇವೆ. ಅದರ ಜೊತೆಗೆ, ಬಿಡುವುಳ್ಳ ನಿವೃತ್ತರು ಮತ್ತು ಗೃಹಿಣಿಯರಲ್ಲಿ ಎಂಟು ಹತ್ತು ಮಂದಿಯನ್ನು ಆರಿಸಿ, ಆಸ್ಪತ್ರೆಯ ಅನುಭವವುಳ್ಳ ತರಬೇತುದಾರರೊಬ್ಬರಿಂದ ಕೆಲವು ಭಾನುವಾರಗಳ ಶಿಕ್ಷಣ ಕೊಡಿಸಿ, ರೋಗಿಗಳ ಭೇಟಿಗೆ ಕಳುಹಿಸುವ ಏರ್ಪಾಡಾಗಲಿ. ಅವರು ಯಾವ ಮತದವರಾದರೂ ಸರಿ, ನೋಡಲು ಹೋಗುವ ರೋಗಿ ಯಾವ ಮತದವರಾದರೂ ಸರಿ. ಮೊದಲ ತಂಡದಲ್ಲಿ ವಿದ್ಯಾರ್ಥಿಯಾಗಿ ಸೇರಲು ನಾನು ಹೆಸರು ಕೊಡುತ್ತಿದ್ದೇನೆ.